ಎಂಟು ಬ್ಯಾರೆಲ್‌ಗಳು, ಒಂದು ಎಂಜಿನ್: ಟನಲ್ ರ‍್ಯಾಮ್‌ಗೆ ಕಾರ್ಬುರೇಟರ್ ಆರಿಸಿದ ಒಂದು ಪ್ರಕರಣ

ಡಿಪ್‌ಸ್ಟಿಕ್ ಎಳೆದು ಮೂಗಿನ ಬಳಿ ಹಿಡಿದೆ. ಆಯಿಲ್‌ಗಿಂತ ಮೊದಲು ಪೆಟ್ರೋಲ್ ವಾಸನೆ ಬಂತು. ಆಯಿಲ್ ಬದಲಿಸಿ 400 ಕಿಲೋಮೀಟರ್ ಕೂಡ ಆಗಿಲ್ಲ ಎಂದರು ಮಾಲೀಕರು. ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಎಂಟೂ ಕಾಡಿಗೆ ಹಚ್ಚಿದಂತಿದ್ದವು. ಐಡಲ್, ಅಂದರೆ ಪೆಡಲ್ ಮುಟ್ಟದಿರುವಾಗ ಎಂಜಿನ್ ತಿರುಗುವ ವೇಗ, 1,200 ಆರ್‌ಪಿಎಂಗಿಂತ (ನಿಮಿಷಕ್ಕೆ ಸುತ್ತುಗಳು) ಕೆಳಗೆ ನಿಲ್ಲುತ್ತಿರಲಿಲ್ಲ. ನಿಧಾನಗತಿಯಲ್ಲಿ ಪೆಡಲ್ ಸ್ವಲ್ಪ ಒತ್ತಿದರೆ ಎಂಜಿನ್ ಒಮ್ಮೆ ಉಸಿರು ಹಿಡಿದು, ಕೆಮ್ಮಿ, ಆಮೇಲೆ ಓಡುತ್ತಿತ್ತು. 4,500 ದಾಟಿದ ಮೇಲೆ ಮಾತ್ರ ಅದರ ಸ್ವರವೇ ಬೇರೆ. ಆ ಸ್ವರಕ್ಕೆ ಮನಸೋತೇ ಅವರು ಉಳಿದದ್ದನ್ನೆಲ್ಲ ಇಷ್ಟು ದಿನ ಸಹಿಸಿದ್ದರು.

ಕಾರು 1932ರ ಫೋರ್ಡ್ ರೋಡ್‌ಸ್ಟರ್‌ನ ಆಕಾರದ ಫೈಬರ್ ಗ್ಲಾಸ್ ಬಾಡಿ ಹೊತ್ತ ಹಾಟ್ ರಾಡ್, ಅಂದರೆ ಹಳೆಯ ಆಕಾರದಲ್ಲಿ ವೇಗಕ್ಕೆಂದು ಕಟ್ಟಿದ ಕಾರು. ತೂಕ ಸುಮಾರು 1,100 ಕಿಲೋ. ಷೆವ್ರೊಲೆ ಸ್ಮಾಲ್ ಬ್ಲಾಕ್ 350 ಎಂಜಿನ್, ಸಿಲಿಂಡರ್‌ಗಳನ್ನು 0.030 ಇಂಚು ಕೊರೆಸಿ ದೊಡ್ಡದು ಮಾಡಿದ್ದರಿಂದ 355 ಘನ ಇಂಚು, ಅಂದರೆ ಸುಮಾರು 5.8 ಲೀಟರ್. ನಾಲ್ಕು ಗೇರುಗಳ ಮ್ಯಾನ್ಯುಯಲ್ ಗೇರ್‌ಬಾಕ್ಸ್, ಹಿಂದಿನ ಆಕ್ಸಲ್‌ನಲ್ಲಿ 4.11 ಅನುಪಾತ. ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಸ್ವಲ್ಪ ಉಗ್ರವಾದದ್ದೇ. ಎಂಜಿನ್ ಮೇಲೆ ಟನಲ್ ರ‍್ಯಾಮ್ ಇನ್‌ಟೇಕ್ (ಗಾಳಿ ಒಳತರುವ ಮ್ಯಾನಿಫೋಲ್ಡ್), ಅದರ ನೆತ್ತಿಯ ಮೇಲೆ ಅಡ್ಡಡ್ಡ ಕೂರಿಸಿದ, ಗಾಳಿಗೆ ಪೆಟ್ರೋಲ್ ಬೆರೆಸುವ ಎರಡು ಕಾರ್ಬುರೇಟರ್. ಒಂದೊಂದೂ 660 ಸಿಎಫ್‌ಎಂ, ಎಂದರೆ ನಿಮಿಷಕ್ಕೆ 660 ಘನ ಅಡಿ ಗಾಳಿ ಬಿಡುವ ಅಳತೆಯವು. ಚೋಕ್ ಇಲ್ಲದ, ನಾಲ್ಕೂ ಬ್ಯಾರೆಲ್ (ಗಾಳಿ ಇಳಿಯುವ ಬಾಯಿ) ಒಟ್ಟಿಗೆ ತೆರೆಯುವ, ರೇಸಿಗೆಂದೇ ಮಾಡಿದ ಕಾರ್ಬುರೇಟರ್‌ಗಳು.

ಟನಲ್ ರ‍್ಯಾಮ್ ಹುಟ್ಟಿದ್ದು ಬೀದಿಗಾಗಿ ಅಲ್ಲ. ಅಮೆರಿಕದ ಡ್ರ್ಯಾಗ್ ರೇಸಿಂಗ್‌ನಲ್ಲಿ, ಅದರಲ್ಲೂ 1970ರಲ್ಲಿ ಆರಂಭವಾದ ಪ್ರೊ ಸ್ಟಾಕ್ ವರ್ಗದಲ್ಲಿ, ಅದು ಎಲ್ಲರ ಕಣ್ಣಿಗೆ ಬಿತ್ತು. ಪ್ರತಿ ಸಿಲಿಂಡರಿಗೂ ಮೇಲಿನಿಂದ ನೇರವಾಗಿ ಇಳಿಯುವ ಉದ್ದನೆಯ ಕೊಳವೆ. ಎಂಟೂ ಕೊಳವೆಗಳು ಸೇರುವ ಜಾಗದಲ್ಲಿ ಪ್ಲೀನಂ ಎಂಬ ದೊಡ್ಡ ಪೆಟ್ಟಿಗೆ. ಪೆಟ್ಟಿಗೆಯ ಮುಚ್ಚಳದ ಮೇಲೆ ಕಾರ್ಬುರೇಟರ್‌ಗಳು. ಎಂಜಿನ್ ವೇಗವಾಗಿ ತಿರುಗುವಾಗ ಆ ಕೊಳವೆಯೊಳಗಿನ ಗಾಳಿಗೆ ತನ್ನದೇ ಓಟ ಬಂದುಬಿಡುತ್ತದೆ. ಪಿಸ್ಟನ್ ಎಳೆಯುವುದನ್ನು ನಿಲ್ಲಿಸಿದ ಮೇಲೂ ಗಾಳಿ ನುಗ್ಗುತ್ತಲೇ ಇರುತ್ತದೆ, ವಾಲ್ವ್ ಮುಚ್ಚುವಷ್ಟರಲ್ಲಿ ಸಿಲಿಂಡರ್ ಇನ್ನಷ್ಟು ತುಂಬುತ್ತದೆ. ನಿಧಾನಗತಿಯಲ್ಲಿ ಇದೇ ರಚನೆ ತೊಂದರೆ ಕೊಡುತ್ತದೆ. ಪೆಟ್ಟಿಗೆ ದೊಡ್ಡದು, ತಣ್ಣಗಿನದು, ಗಾಳಿ ಮಂದ. ಪೆಟ್ರೋಲ್ ಹನಿಗಳು ಗಾಳಿಯಲ್ಲಿ ತೇಲದೆ ಗೋಡೆಗೆ ಅಂಟುತ್ತವೆ, ಪೆಟ್ಟಿಗೆಯ ತಳದಲ್ಲಿ ಸಣ್ಣ ಮಡುಗಳಾಗಿ ನಿಲ್ಲುತ್ತವೆ. ಸಾಮಾನ್ಯ ಮ್ಯಾನಿಫೋಲ್ಡ್‌ನಲ್ಲಿ ಎಕ್ಸಾಸ್ಟ್‌ನ ಬಿಸಿ ತಳಕ್ಕೆ ತಾಗುವ ಏರ್ಪಾಡು ಇರುತ್ತದೆ. ಇದರಲ್ಲಿ ಅದೂ ಇಲ್ಲ.

ಪ್ಲಗ್ ಕಪ್ಪಾಗಿದೆ ಎಂದ ಮೇಲೆ ಪೆಟ್ರೋಲ್ ಹೆಚ್ಚಾಗಿದೆ, ಹೆಚ್ಚಾದರೆ ಜೆಟ್, ಅಂದರೆ ಪೆಟ್ರೋಲ್ ಅಳೆದು ಬಿಡುವ ತೂತು, ಸಣ್ಣದು ಮಾಡಬೇಕು. ಮಾಲೀಕರು ಹೀಗೆ ಯೋಚಿಸಿ ಎರಡು ಬಾರಿ ಮೇನ್ ಜೆಟ್ ಇಳಿಸಿದ್ದರು. ಯಾರಿಗಾದರೂ ಮೊದಲು ಹೊಳೆಯುವುದು ಇದೇ. ಆದರೆ ಮೇನ್ ಜೆಟ್‌ನ ಅಳತೆ ಲೆಕ್ಕಕ್ಕೆ ಬರುವುದು ವೆಂಚುರಿಯಲ್ಲಿ, ಅಂದರೆ ಬ್ಯಾರೆಲ್‌ನ ಕಿರಿದಾದ ಜಾಗದಲ್ಲಿ, ಗಾಳಿ ಸಾಕಷ್ಟು ಬಿರುಸಾದ ಮೇಲೆ. ಅದಕ್ಕೂ ಮುಂಚೆ ಎಂಜಿನ್ ಬದುಕುವುದು ಐಡಲ್ ಸರ್ಕ್ಯೂಟ್ ಎಂಬ ಪೆಟ್ರೋಲಿನ ಸಣ್ಣ ದಾರಿಯ ಮೇಲೆ. ಇಲ್ಲಿ ಎಂಟು ಬ್ಯಾರೆಲ್‌ಗಳ ಐಡಲ್ ರಂಧ್ರಗಳಿಂದಲೂ ಪೆಟ್ರೋಲ್ ಇಳಿಯುತ್ತಿತ್ತು, ಪ್ಲಗ್ ಕಪ್ಪಾಗುತ್ತಿದ್ದುದು ಅದರಿಂದ. ಜೆಟ್ ಇಳಿಸಿದ್ದರ ಪರಿಣಾಮ ತಾಗಿದ್ದು ಪೂರ್ತಿ ಥ್ರಾಟಲ್‌ಗೆ, ಪೆಡಲ್ ನೆಲಕ್ಕೆ ಒತ್ತಿದ ಸ್ಥಿತಿಗೆ. ಎಕ್ಸಾಸ್ಟ್‌ಗೆ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಹಾಕಿ ನೋಡಿದಾಗ ಐಡಲ್‌ನಲ್ಲಿ ಒಂದು ಪಾಲು ಪೆಟ್ರೋಲಿಗೆ 11 ಪಾಲು ಗಾಳಿ. 6,000 ಆರ್‌ಪಿಎಂನಲ್ಲಿ ಪೂರ್ತಿ ತೆರೆದಾಗ 13.9. ಇರಬೇಕಾದದ್ದು 12.6ರ ಆಸುಪಾಸು. ಕೆಳಗೆ ಮುಳುಗುತ್ತಿದ್ದ ಎಂಜಿನ್ ಮೇಲೆ ಬಾಯಾರಿತ್ತು. ಅವರಿಗೆ ಇಷ್ಟವಾದ ಆ ಸ್ವರ ಹೊರಡುತ್ತಿದ್ದಾಗಲೇ ಪಿಸ್ಟನ್‌ಗಳು ಅಪಾಯದಲ್ಲಿದ್ದವು. ಅವತ್ತೇ ಹಳೆಯ ಜೆಟ್‌ಗಳನ್ನು ವಾಪಸ್ ಹಾಕಿಸಿದೆ.

ಕಾರ್ಬುರೇಟರ್ ಆಯ್ಕೆಯ ಮಾತು ತೆಗೆಯುವ ಮುನ್ನ ಅದರ ಮೇಲೆ ಸುಮ್ಮನೆ ಹೊರಿಸಿದ ಅಪವಾದಗಳನ್ನು ತೆಗೆಯಬೇಕಿತ್ತು. ಮೊದಲು ಟೈಮಿಂಗ್, ಪಿಸ್ಟನ್ ಮೇಲೆ ತಲುಪುವುದಕ್ಕೆ ಎಷ್ಟು ಡಿಗ್ರಿ ಮುಂಚೆ ಕಿಡಿ ಹಾರುತ್ತದೆ ಎಂಬುದು. ಐಡಲ್‌ನಲ್ಲಿ 10 ಡಿಗ್ರಿ ಇಟ್ಟಿದ್ದರು. ಇಂಥ ಕ್ಯಾಮ್‌ಗೆ ಅದು ಸಾಲದು. 18ಕ್ಕೆ ಏರಿಸಿ, ಒಟ್ಟು 34 ಡಿಗ್ರಿ ಮೀರದಂತೆ ಡಿಸ್ಟ್ರಿಬ್ಯೂಟರ್‌ನೊಳಗೆ ವೇಗಕ್ಕೆ ತಕ್ಕಂತೆ ಕಿಡಿಯನ್ನು ಬೇಗ ಹಾರಿಸುವ ಮೆಕ್ಯಾನಿಕಲ್ ಅಡ್ವಾನ್ಸ್‌ ಅನ್ನು 16 ಡಿಗ್ರಿಗೆ ಕಟ್ಟಿಹಾಕಿದೆವು. ಎರಡನೆಯದು ಗಾಳಿ ಸೋರಿಕೆ. ಕಾರ್ಬುರೇಟರ್‌ನ ಬೋಲ್ಟ್ ರಂಧ್ರಗಳ ವಿನ್ಯಾಸ ಪೂರ್ತಿ ಚೌಕವಲ್ಲ. ಹೀಗಾಗಿ ಅಡ್ಡ ಕೂರಿಸಲು ಅಡಾಪ್ಟರ್ ತಟ್ಟೆ ಬೇಕಾಗುತ್ತದೆ. ಹಿಂದಿನ ತಟ್ಟೆಯ ಗ್ಯಾಸ್ಕೆಟ್ ಒಂದು ಮೂಲೆಯಲ್ಲಿ ಗಾಳಿ ಎಳೆಯುತ್ತಿತ್ತು. ಈ ಎರಡನ್ನೂ ಸರಿಪಡಿಸಿದಾಗ ಐಡಲ್ ವ್ಯಾಕ್ಯೂಮ್ (ಇನ್‌ಟೇಕ್ ಒಳಗಿನ ಎಳೆತ) 6 ಇಂಚು ಪಾದರಸದಿಂದ ಎಂಟೂವರೆಗೆ ಏರಿತು.

ಪವರ್ ವಾಲ್ವ್‌ನದು ಮೂರನೆಯ ಕಥೆ. ಅದರ ಮೇಲೆ 6.5 ಎಂದಿತ್ತು, ಅಂದರೆ ವ್ಯಾಕ್ಯೂಮ್ ಆರೂವರೆ ಇಂಚಿಗಿಂತ ಇಳಿದರೆ ಅದು ತೆರೆದುಕೊಂಡು ಹೆಚ್ಚುವರಿ ಪೆಟ್ರೋಲ್ ಬಿಡುತ್ತದೆ. ಐಡಲ್‌ನಲ್ಲೇ 6 ಇಂಚು ಇದ್ದ ಎಂಜಿನ್‌ನಲ್ಲಿ ಅದು ಮುಚ್ಚಿದ್ದೇ ಅಪರೂಪ. ಹಲವರು ಐಡಲ್ ಕೆಡುವುದಕ್ಕೆ ಇದೇ ಕಾರಣ ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ: ಐಡಲ್‌ನ ಪೆಟ್ರೋಲೂ ಮೇನ್ ಜೆಟ್ ದಾಟಿಯೇ ಬರುತ್ತದೆ, ಆದರೆ ಅದು ಎಷ್ಟು ಅಲ್ಪವೆಂದರೆ ಮೇನ್ ಜೆಟ್ ಒಂದೇ ಅದಕ್ಕೆ ಧಾರಾಳ, ವಾಲ್ವ್ ತೆರೆದರೂ ದೊಡ್ಡ ವ್ಯತ್ಯಾಸವಾಗದು. ಅದು ಕೆಡಿಸುವುದು ನಿಧಾನವಾಗಿ ಓಡಿಸುವಾಗ, ಮೇನ್ ಸರ್ಕ್ಯೂಟ್ ಆಗಷ್ಟೇ ಕಣ್ಣು ಬಿಡುವ ಹೊತ್ತಿಗೆ. ಐಡಲ್ ವ್ಯಾಕ್ಯೂಮ್‌ನ ಅರ್ಧ ಎಂಬ ರೂಢಿಯ ಲೆಕ್ಕ ಹಿಡಿದು, ಅದಕ್ಕಿಂತ ಕೆಳಗೆ ಸಿಗುವ 3.5ರ ವಾಲ್ವ್ ಹಾಕಿದೆವು.

ಇಷ್ಟಕ್ಕೆ ಅರ್ಧ ಕಾಯಿಲೆ ಹೋಯಿತು. ಹೊಗೆ ಕಡಿಮೆಯಾಯಿತು, ಐಡಲ್ 1,000ಕ್ಕೆ ಇಳಿಯಿತು. ತಡವರಿಕೆ ಮಾತ್ರ ಅಲ್ಲಾಡದೆ ಕೂತಿತ್ತು.

ಆಗ ಮಾಲೀಕರು ಒಂದು ಕಾಗದ ತೋರಿಸಿದರು. 355 ಘನ ಇಂಚನ್ನು 6,500 ಆರ್‌ಪಿಎಂನಿಂದ ಗುಣಿಸಿ 3,456ರಿಂದ ಭಾಗಿಸಿದ್ದರು. ಒಂದು ಘನ ಅಡಿಯಲ್ಲಿ 1,728 ಘನ ಇಂಚು, ನಾಲ್ಕು ಸ್ಟ್ರೋಕ್‌ನ ಎಂಜಿನ್ ಎರಡು ಸುತ್ತಿಗೊಮ್ಮೆ ಪೂರ್ತಿ ಉಸಿರೆಳೆಯುತ್ತದೆ, ಹಾಗಾಗಿ 3,456. ಉತ್ತರ 668 ಸಿಎಫ್‌ಎಂ. ಸಿಲಿಂಡರ್‌ಗಳು ನೂರಕ್ಕೆ 95ರಷ್ಟು ತುಂಬುತ್ತವೆ ಎಂದು ಹಿಡಿದರೆ 634. “ನನ್ನ ಹತ್ತಿರ 1,320 ಇದೆ. ಇಮ್ಮಡಿ. ತೊಂದರೆ ಇಲ್ಲಿಯೇ ಇದೆಯಲ್ಲವೇ?” ಎಂದು ಕೇಳಿದರು.

“ಲೆಕ್ಕ ಸರಿಯಿದೆ. ಆದರೆ ನೀವು ಲೆಕ್ಕ ಹಾಕಿದ್ದು ವಾರಕ್ಕೊಮ್ಮೆ ಹತ್ತು ಸೆಕೆಂಡ್ ಇರುವ ಎಂಜಿನ್‌ಗೆ. ಉಳಿದ ಹೊತ್ತು ನೀವು ಓಡಿಸುವ ಎಂಜಿನ್‌ಗೂ ಒಂದು ಲೆಕ್ಕ ಹಾಕೋಣ” ಎಂದೆ.

28 ಇಂಚು ಎತ್ತರದ ಟೈರು, 4.11 ಆಕ್ಸಲ್: ನಾಲ್ಕನೆಯ ಗೇರಿನಲ್ಲಿ ಗಂಟೆಗೆ 97 ಕಿಲೋಮೀಟರ್ ವೇಗಕ್ಕೆ ಸುಮಾರು 3,000 ಆರ್‌ಪಿಎಂ. ಆಗ ಥ್ರಾಟಲ್ ತುಸುವೇ ತೆರೆದಿರುತ್ತದೆ, ಮ್ಯಾನಿಫೋಲ್ಡ್‌ನಲ್ಲಿ ಹೊರಗಿನ ಒತ್ತಡದ ಅರ್ಧದಷ್ಟು. ಸಿಲಿಂಡರ್ ನೂರಕ್ಕೆ 80ರಷ್ಟು ತುಂಬುತ್ತದೆ ಎಂದು ಹಿಡಿದ ಲೆಕ್ಕ ಒರಟಾದದ್ದೇ, ಆದರೂ ಎಂಜಿನ್ ಎಳೆಯುವ ಗಾಳಿ 123 ಸಿಎಫ್‌ಎಂ ಸುತ್ತಮುತ್ತ ಬರುತ್ತದೆ. 660ರ ಜೋಡಿಯಲ್ಲಿ ಎಂಟೂ ಬ್ಯಾರೆಲ್ ಒಟ್ಟಿಗೆ ತೆರೆಯುವುದರಿಂದ ಒಂದೊಂದಕ್ಕೂ ಬರುವುದು 15 ಸಿಎಫ್‌ಎಂ ಮಾತ್ರ. ಆ ಬ್ಯಾರೆಲ್‌ನ ಸಾಮರ್ಥ್ಯ 165. ಹೆದ್ದಾರಿಯಷ್ಟು ಅಗಲದ ದಾರಿಯಲ್ಲಿ ಒಬ್ಬನೇ ನಡೆದು ಹೋದಂತೆ.

ಕಾರ್ಬುರೇಟರ್‌ಗೆ ಬುದ್ಧಿ ಇರುವುದು ಒಂದೇ ಕಡೆ. ವೆಂಚುರಿಯ ಕಿರಿದಾದ ಜಾಗದಲ್ಲಿ ಗಾಳಿ ಬಿರುಸಾಗಿ ಹಾಯುತ್ತದೆ, ಅಲ್ಲಿ ಒತ್ತಡ ಕುಸಿಯುತ್ತದೆ, ಆ ಕುಸಿತವೇ ಬೂಸ್ಟರ್ ಎಂಬ ನಳಿಗೆಯ ಮೂಲಕ ಪೆಟ್ರೋಲನ್ನು ಎಳೆದು ಹನಿಯಾಗಿ ಒಡೆಯುತ್ತದೆ. ಇದಕ್ಕೆ ಕೆಲಸಗಾರರು ಸಿಗ್ನಲ್ ಎನ್ನುತ್ತಾರೆ. ಅದು ಗಾಳಿಯ ವೇಗದ ವರ್ಗಕ್ಕೆ ಅನುಗುಣ: ವೇಗ ಅರ್ಧವಾದರೆ ಸಿಗ್ನಲ್ ಕಾಲುಭಾಗ. ಈಗ ಅದೇ 123 ಸಿಎಫ್‌ಎಂ ಅನ್ನು 450ರ ಎರಡು ಕಾರ್ಬುರೇಟರ್‌ಗಳಿಗೆ ಕೊಡಿ. ಅವುಗಳಲ್ಲಿ ಸೆಕೆಂಡರಿ ಬ್ಯಾರೆಲ್‌ಗಳು ತಡವಾಗಿ ತೆರೆಯುವುದರಿಂದ ಆ ವೇಗದಲ್ಲಿ ಕೆಲಸ ಮಾಡುವುದು ಮೊದಲು ತೆರೆಯುವ ನಾಲ್ಕೇ ಪ್ರೈಮರಿಗಳು. ಒಂದೊಂದರ ಸಾಮರ್ಥ್ಯ 112, ಹರಿಯುವುದು 31. ಅನುಪಾತಗಳ ವರ್ಗ ಹಿಡಿದು ಹೋಲಿಸಿದರೆ ಸಿಗ್ನಲ್ ಎಂಟು ಪಟ್ಟಿಗೂ ಹೆಚ್ಚು. ಸೆಕೆಂಡರಿ ತಡವಾಗಿ ತೆರೆಯುವ 600ರ ಜೋಡಿಗೆ ಇದೇ ಲೆಕ್ಕ ಹಾಕಿದರೆ ಸುಮಾರು ಐದು ಪಟ್ಟು. ಇದನ್ನು ಬರೆದಾಗ ನನಗೂ ಒಂದು ವಿಷಯ ಸ್ಪಷ್ಟವಾಯಿತು. ನಾವು 450, 600 ಎಂದು ಸಂಖ್ಯೆಗಳ ಮೇಲೆ ಜಗಳವಾಡುತ್ತೇವೆ. ಇಲ್ಲಿ ದೊಡ್ಡ ಜಿಗಿತ ಬರುವುದು ಸಂಖ್ಯೆಯಿಂದಲ್ಲ, ಎಂಟರ ಬದಲು ನಾಲ್ಕು ಬ್ಯಾರೆಲ್‌ಗಳು ಮಾತ್ರ ಉಸಿರಾಡುವುದರಿಂದ.

ಮಾಲೀಕರ ಭಯ ಬೇರೆಯೇ ಇತ್ತು: ಸಣ್ಣದು ಹಾಕಿದರೆ ಮೇಲಿನ ಶಕ್ತಿ ಸತ್ತುಹೋಗುತ್ತದೆ. ಅದನ್ನೂ ಲೆಕ್ಕಕ್ಕೆ ತಂದೆವು. ನಾಲ್ಕು ಬ್ಯಾರೆಲ್‌ನ ಕಾರ್ಬುರೇಟರ್‌ಗೆ ಸಿಎಫ್‌ಎಂ ಅಳತೆ ಕೊಡುವುದು ಒಂದೂವರೆ ಇಂಚು ಪಾದರಸದ ಒತ್ತಡದ ವ್ಯತ್ಯಾಸದಲ್ಲಿ. 634 ಸಿಎಫ್‌ಎಂ ಗಾಳಿ 1,320ರ ಜೋಡಿಯ ಮೂಲಕ ಹೋದರೆ ಒತ್ತಡ ಕುಸಿಯುವುದು 0.35 ಇಂಚು. 900ರ ಜೋಡಿಯಲ್ಲಿ 0.74. ವ್ಯತ್ಯಾಸ 0.4 ಇಂಚಿಗೂ ಕಡಿಮೆ. ವಾತಾವರಣದ ಒತ್ತಡ ಸುಮಾರು 30 ಇಂಚು. ಅಂದರೆ ಕಳೆದುಕೊಳ್ಳುವುದು ನೂರಕ್ಕೆ ಒಂದು ಚಿಲ್ಲರೆ. ಎಂಜಿನ್ 400 ಅಶ್ವಶಕ್ತಿ ಕೊಡುತ್ತಿದ್ದರೆ ಐದು ಅಶ್ವಶಕ್ತಿಯ ಆಸುಪಾಸು. ಅದೂ 6,500ರಲ್ಲಿ ಮಾತ್ರ. ದೊಡ್ಡ ಪ್ಲೀನಂ ಎಂಟು ಸಿಲಿಂಡರ್‌ಗಳ ಎಳೆತವನ್ನು ಸಮತಟ್ಟು ಮಾಡುವುದರಿಂದ ಈ ಸರಳ ಲೆಕ್ಕವನ್ನು ಇಲ್ಲಿ ತಕ್ಕಮಟ್ಟಿಗೆ ನಂಬಬಹುದು. ಕಾಗದವನ್ನು ಅವರು ಬಹಳ ಹೊತ್ತು ನೋಡುತ್ತ ಕುಳಿತರು.

ಕೊಳ್ಳುವ ಮುಂಚೆ ಒಂದು ಪ್ರಯೋಗ ಮಾಡುವ ಅವಕಾಶ ಸಿಕ್ಕಿತು. ವ್ಯಾಕ್ಯೂಮ್‌ನಿಂದ ಸೆಕೆಂಡರಿ ತೆರೆಯುವ 600ರ ಒಂದು ಜೋಡಿಯನ್ನು ಎರವಲು ತಂದೆವು. ಕಾರಿನ ಸ್ವಭಾವ ಅಂದೇ ಬದಲಾಯಿತು. ಪೆಡಲ್ ಒತ್ತಿದರೆ ಕೆಮ್ಮಿಲ್ಲ. ಆದರೆ ಮೇಲಿನ ವೇಗದಲ್ಲಿ ಸಪ್ಪೆ. ಸೆಕೆಂಡರಿಯನ್ನು ಎಳೆದು ತೆರೆಯುವ ಡಯಾಫ್ರಂನ ಕಡ್ಡಿಗೆ ಕಾಗದದ ಕ್ಲಿಪ್ ಸಿಕ್ಕಿಸಿ, ಒಮ್ಮೆ ಪೂರ್ತಿ ಥ್ರಾಟಲ್‌ನಲ್ಲಿ ಓಡಿಸಿ ಬಂದು ನೋಡಿದರೆ ಕ್ಲಿಪ್ ಇದ್ದಲ್ಲೇ ಇತ್ತು. ಸೆಕೆಂಡರಿ ತೆರೆದೇ ಇರಲಿಲ್ಲ! ಒಂದೇ ಕಾರ್ಬುರೇಟರ್ ಇದ್ದಾಗ ಪ್ರೈಮರಿ ವೆಂಚುರಿಯಲ್ಲಿ ಹುಟ್ಟುವ ಎಳೆತ, ಎರಡಿದ್ದಾಗ ಹಂಚಿಹೋಗುತ್ತದೆ. ಕಾರ್ಖಾನೆಯ ಸ್ಪ್ರಿಂಗ್‌ಗೆ ಅದು ಸಾಲುವುದಿಲ್ಲ. ಹಾಲಿ (Holley) ಕಂಪನಿಯ ಕಾರ್ಬುರೇಟರ್‌ಗಳಿಗೆ ಬಣ್ಣದ ಗುರುತಿನ ಸ್ಪ್ರಿಂಗ್‌ಗಳು ಸಿಗುತ್ತವೆ: ಕಪ್ಪು ಅತಿ ಗಡಸು, ಬಿಳಿ ಅತಿ ಮೃದು. ಹಳದಿ ಹಾಕಿದೆವು. ಈಗ ಒಂದು ಕಾರ್ಬುರೇಟರ್‌ನ ಕ್ಲಿಪ್ ಮುಕ್ಕಾಲು ಸರಿದಿತ್ತು, ಇನ್ನೊಂದರದು ಕಾಲು. ಎರಡೂ ಡಯಾಫ್ರಂ ಮುಚ್ಚಳಗಳ ನಡುವೆ ರಬ್ಬರ್ ಕೊಳವೆ ಜೋಡಿಸಿ ಎಳೆತವನ್ನು ಸಮಗೊಳಿಸಿದ ಮೇಲೆ ಎರಡೂ ಒಟ್ಟಿಗೆ ತೆರೆದವು.

ಇಲ್ಲಿಗೇ ನಿಲ್ಲಿಸಬಹುದಿತ್ತು. ಕಾರು ಇನ್ನೂ 500 ಕಿಲೋ ಭಾರವಿದ್ದು, ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇದ್ದು, ಆಕ್ಸಲ್ ಅನುಪಾತ 3ರ ಹತ್ತಿರ ಇದ್ದಿದ್ದರೆ ನಾನು ನಿಲ್ಲಿಸುತ್ತಿದ್ದೆ ಕೂಡ. ಅಂಥ ಕಾರಿಗೆ ಎಂಜಿನ್ ಕೇಳಿದಾಗ ಮಾತ್ರ ತೆರೆಯುವ ಸೆಕೆಂಡರಿಯೇ ಕ್ಷೇಮ. ಈ ಕಾರು ಹಗುರ, ಗೇರು ಗಿಡ್ಡ. ಆರ್‌ಪಿಎಂ ನೋಡನೋಡುತ್ತಲೇ ಏರುತ್ತದೆ. ಕಾಲಿನ ಮಾತನ್ನು ನೇರವಾಗಿ ಕೇಳುವ ಮೆಕ್ಯಾನಿಕಲ್ ಸೆಕೆಂಡರಿ ಇದಕ್ಕೆ ಒಪ್ಪುತ್ತದೆ. ಇನ್ನೊಂದು ಕಾರಣವೂ ಇತ್ತು: ನಾಲ್ಕನೆಯ ಗೇರಿನಲ್ಲಿ 60 ಕಿಲೋಮೀಟರ್ ವೇಗಕ್ಕೆ, ಅಂದರೆ 1,800ರ ಸುತ್ತ, 600ರ ಜೋಡಿಯಲ್ಲಿ ಗಾಳಿ-ಪೆಟ್ರೋಲ್ ಅನುಪಾತ ಸೆನ್ಸರ್‌ನಲ್ಲಿ ಒಂದು ಕಡೆ ನಿಲ್ಲದೆ ತೂಗಾಡುತ್ತಿತ್ತು. ಐಡಲ್ ಸರ್ಕ್ಯೂಟ್ ಕೈಬಿಟ್ಟು ಮೇನ್ ಸರ್ಕ್ಯೂಟ್ ಹಿಡಿಯುವ ಆ ಹೊಸ್ತಿಲಲ್ಲಿ ಸಿಗ್ನಲ್ ಇನ್ನಷ್ಟು ಗಟ್ಟಿಯಾಗಬೇಕಿತ್ತು. 450ರಲ್ಲಿ ಅದು 600ರದಕ್ಕಿಂತ ಸುಮಾರು 1.8 ಪಟ್ಟು. ಹೀಗಾಗಿ ಮೆಕ್ಯಾನಿಕಲ್ ಸೆಕೆಂಡರಿಯ 450ರ ಜೋಡಿ ಎಂದು ತೀರ್ಮಾನಿಸಿದೆವು. ಮಾಲೀಕರಿಗೆ ಪೂರ್ತಿ ಸಮಾಧಾನವಿರಲಿಲ್ಲ, 450 ಎಂಬ ಸಂಖ್ಯೆ ಅವರ ಕಿವಿಗೆ ಸಣ್ಣದಾಗಿ ಕೇಳುತ್ತಿತ್ತು. ಒಪ್ಪಿದ್ದು ಲೆಕ್ಕಕ್ಕಾಗಿ.

ಅಡ್ಡ ಕೂರಿಸುವುದನ್ನೂ ಬಿಟ್ಟೆವು. ನೋಡಲು ಅದು ಭರ್ಜರಿ, ಒಪ್ಪುತ್ತೇನೆ. ಆದರೆ ಪೆಟ್ರೋಲ್ ನಿಲ್ಲುವ ಫ್ಲೋಟ್ ಬೌಲ್‌ನಲ್ಲಿ ಜೆಟ್‌ಗಳು ಅಕ್ಕಪಕ್ಕ ಇರುತ್ತವೆ. ಕಾರ್ಬುರೇಟರ್ ಅಡ್ಡವಾದರೆ ಅವು ಮುಂದೊಂದು ಹಿಂದೊಂದು ಆಗುತ್ತವೆ. ಜೋರಾಗಿ ಹೊರಟಾಗ ಪೆಟ್ರೋಲ್ ಹಿಂದಕ್ಕೆ ಸರಿದು ಮುಂದಿನ ಜೆಟ್ ಬರಿದಾಗುವ ಸಾಧ್ಯತೆ ಇದೆ. ಉದ್ದನೆಯ ತಿರುವುಗಳಲ್ಲಿ ಪೆಟ್ರೋಲ್ ಬೌಲ್‌ನ ಒಂದು ಬದಿಗೆ ಏರುತ್ತದೆ. 450ಗಳು ಉದ್ದದಲ್ಲಿ ಗಿಡ್ಡವಾದ್ದರಿಂದ ಒಂದರ ಹಿಂದೊಂದು ನೇರವಾಗಿ ಕೂತವು, ಸೋರುತ್ತಿದ್ದ ಅಡಾಪ್ಟರ್ ತಟ್ಟೆಗಳೂ ತೊಲಗಿದವು.

ಥ್ರಾಟಲ್ ಲಿಂಕೇಜ್ ಬಗ್ಗೆ ನನ್ನದು ಗಟ್ಟಿ ಅಭಿಪ್ರಾಯ. ಒಂದು ಕಾರ್ಬುರೇಟರ್ ಮೊದಲು, ಇನ್ನೊಂದು ಆಮೇಲೆ ತೆರೆಯುವ ಏರ್ಪಾಡನ್ನು ಟನಲ್ ರ‍್ಯಾಮ್‌ನಲ್ಲಿ ಮಾಡಬಾರದು. ಹಿಂದಿನದು ಮಾತ್ರ ತೆರೆದಾಗ ಮುಂದಿನ ಸಿಲಿಂಡರ್‌ಗಳಿಗೆ ಪೆಟ್ರೋಲ್ ಹನಿಗಳು ಆ ತಣ್ಣನೆಯ ಪೆಟ್ಟಿಗೆಯ ಉದ್ದಕ್ಕೂ ಪ್ರಯಾಣ ಮಾಡಬೇಕು. ಗಾಳಿ ತಲುಪುತ್ತದೆ, ಹನಿ ದಾರಿಯಲ್ಲೇ ಬೀಳುತ್ತದೆ. ಎರಡೂ ಒಟ್ಟಿಗೆ, ಸಮನಾಗಿ ತೆರೆಯಬೇಕು. ತಡಮಾಡುವ ಕೆಲಸವನ್ನು ಪ್ರತಿ ಕಾರ್ಬುರೇಟರ್‌ನೊಳಗಿನ ಸೆಕೆಂಡರಿಗೆ ಬಿಡಬೇಕು. ರಿಟರ್ನ್ ಸ್ಪ್ರಿಂಗ್ ಎರಡು ಹಾಕಿದೆವು. ಒಂದು ತುಂಡಾದರೆ ಇನ್ನೊಂದು ಮುಚ್ಚಬೇಕಲ್ಲ.

ಹೊಂದಾಣಿಕೆಯಲ್ಲಿ ಹೆಚ್ಚು ಸಮಯ ತಿಂದದ್ದು ಐಡಲ್. ಎರಡು ಕಾರ್ಬುರೇಟರ್ ಇದ್ದಾಗ ಐಡಲ್ ಗಾಳಿಯೂ ಹಂಚಿಹೋಗುತ್ತದೆ, ಥ್ರಾಟಲ್ ತಟ್ಟೆಗಳು ಬಹುತೇಕ ಮುಚ್ಚಿಯೇ ಇರುತ್ತವೆ. ಆಗ ಟ್ರಾನ್ಸ್‌ಫರ್ ಸ್ಲಾಟ್ ಎಂಬ ಸಣ್ಣ ಸೀಳು ತಟ್ಟೆಯ ಹಿಂದೆ ಅಡಗಿಬಿಟ್ಟರೆ ಪೆಡಲ್ ಮುಟ್ಟಿದ ಕ್ಷಣಕ್ಕೆ ಪೆಟ್ರೋಲ್ ಇಲ್ಲ. ಕಾರ್ಬುರೇಟರ್‌ಗಳನ್ನು ಕೂರಿಸುವ ಮುಂಚೆಯೇ ತಲೆಕೆಳಗು ಮಾಡಿ, ಪ್ರೈಮರಿ ತಟ್ಟೆಯ ಕೆಳಗೆ ಆ ಸೀಳು ಸುಮಾರು ಅರ್ಧ ಮಿಲಿಮೀಟರ್, ಪುಟ್ಟ ಚೌಕದಂತೆ, ಕಾಣುವ ಹಾಗೆ ಸ್ಕ್ರೂ ತಿರುಗಿಸಿಟ್ಟೆ. ಇದರಿಂದ ಐಡಲ್ ಏರಿದರೆ ಸೆಕೆಂಡರಿ ತಟ್ಟೆಗಳನ್ನು ಇನ್ನಷ್ಟು ಮುಚ್ಚಬೇಕೇ ಹೊರತು ಪ್ರೈಮರಿಯನ್ನಲ್ಲ. ಗಾಳಿಯ ಹರಿವು ಅಳೆಯುವ ಮೀಟರನ್ನು ಒಂದೊಂದರ ಬಾಯಿಗೂ ಹಿಡಿದು ಎರಡನ್ನೂ ಸಮ ಮಾಡಿದ ಮೇಲಷ್ಟೇ ಲಿಂಕೇಜ್ ಕಡ್ಡಿ ಸಿಕ್ಕಿಸಿದ್ದು. ಮಿಶ್ರಣದ ಸ್ಕ್ರೂಗಳನ್ನು ಒಂದಾದ ಮೇಲೊಂದು ಎಂಟನೇ ಒಂದು ಸುತ್ತಿನಷ್ಟೇ ತಿರುಗಿಸುತ್ತ ಹೋದೆವು. ಪೆಟ್ರೋಲ್ ಒತ್ತಡ 6 ಪಿಎಸ್‌ಐ, ಎರಡೂ ಕಾರ್ಬುರೇಟರ್‌ಗಳಿಗೆ ಸಮಾನ ಉದ್ದದ ಪೈಪು.

ಪವರ್ ವಾಲ್ವ್ ಇವುಗಳಲ್ಲೂ 3.5ರದ್ದೇ. ಮೇನ್ ಜೆಟ್ ಎರಡು ಸಂಖ್ಯೆ ಮೇಲಕ್ಕೆ ಹೋಯಿತು. ಪೆಡಲ್ ಒತ್ತಿದಾಗ ಪೆಟ್ರೋಲ್ ಚಿಮ್ಮಿಸುವ ಆಕ್ಸಿಲರೇಟರ್ ಪಂಪ್‌ನ ನಳಿಗೆಯನ್ನು 0.025 ಇಂಚಿನಿಂದ 0.031ಕ್ಕೆ ಏರಿಸಬೇಕಾಯಿತು. ಎರಡು ಪಂಪ್ ಒಟ್ಟಿಗೆ ಚಿಮ್ಮುತ್ತವೆ, ಸಣ್ಣದೇ ಸಾಕು ಎಂದುಕೊಂಡಿದ್ದೆ, ಅದು ತಪ್ಪಾಯಿತು. ಗೋಡೆಗಳನ್ನು ಒದ್ದೆ ಮಾಡಲಿಕ್ಕೇ ಒಂದು ಪಾಲು ಹೋಗುತ್ತದೆ.

ಗಾಳಿ-ಪೆಟ್ರೋಲ್ ಅನುಪಾತದ ಕೊನೆಯ ಓದುಗಳು: 900 ಆರ್‌ಪಿಎಂ ಐಡಲ್‌ನಲ್ಲಿ 13.2, 3,000ದಲ್ಲಿ 14ರ ಆಚೀಚೆ, ಪೂರ್ತಿ ಥ್ರಾಟಲ್‌ನಲ್ಲಿ 12.6. ಎಂಟು ಪ್ಲಗ್‌ಗಳಲ್ಲಿ ಆರು ಒಂದೇ ಬಣ್ಣ, ಮೂಲೆಯ ಎರಡು ಸಿಲಿಂಡರ್‌ಗಳದು ತುಸು ಬಿಳಿ. ಆ ಮೂಲೆಗೆ ಹತ್ತಿರದ ಒಂದು ಜೆಟ್ಟನ್ನು ಇನ್ನೊಂದು ಸಂಖ್ಯೆ ಏರಿಸಿದ ಮೇಲೆ ಅದೂ ಹೊಂದಿಕೊಂಡಿತು. ಆ ಸ್ವರ ಹೋಗಿಲ್ಲ. ಈಗ ಅದು 3,000ದಿಂದಲೇ ಕಟ್ಟುತ್ತ ಬರುತ್ತದೆ.

ತಣ್ಣನೆಯ ಎಂಜಿನ್ ಎಬ್ಬಿಸುವುದು ಇನ್ನೂ ತಾಳ್ಮೆಯ ಕೆಲಸ. ಈ ಕಾರ್ಬುರೇಟರ್‌ಗಳಿಗೆ ಚೋಕ್ ಇದೆ, ಆದರೂ ಪ್ಲೀನಂಗೆ ಶಾಖ ಏರುವ ತನಕ ನಾಲ್ಕೈದು ನಿಮಿಷ ಹೊರಡುವಂತಿಲ್ಲ. ಇನ್ನೊಂದು ಕೊರತೆ ಉಳಿದಿದೆ: ನಾಲ್ಕನೆಯ ಗೇರಿನಲ್ಲಿ 1,800 ಆರ್‌ಪಿಎಂ ಇರುವಾಗ ಪೆಡಲನ್ನು ಒಮ್ಮೆಲೇ ನೆಲಕ್ಕೆ ಒತ್ತಿದರೆ ಕಾರು ಈಗಲೂ ಮುಗ್ಗರಿಸುತ್ತದೆ. ಈ 450ಗಳಲ್ಲಿ ಪಂಪ್ ಇರುವುದು ಪ್ರೈಮರಿಗೆ ಮಾತ್ರ. ಸೆಕೆಂಡರಿ ತಟ್ಟೆ ತೆರೆದ ಕ್ಷಣ ಅಲ್ಲಿ ಬರಿ ಗಾಳಿ ನುಗ್ಗುತ್ತದೆ. ಪಂಪ್ ಕ್ಯಾಮ್ ಬದಲಿಸಿ ಸ್ವಲ್ಪ ತಗ್ಗಿಸಿದ್ದೇವೆ, ಪೂರ್ತಿ ಹೋಗಿಲ್ಲ. ಮೂರನೆಯ ಗೇರಿಗೆ ಇಳಿಸಿ ಒತ್ತಿದರೆ ಆ ಮುಗ್ಗರಿಕೆ ಕಾಣುವುದೇ ಇಲ್ಲ. ಮಾಲೀಕರು ಈಗ ಹಾಗೆಯೇ ಓಡಿಸುತ್ತಾರೆ. ಮೊನ್ನೆ 1,000 ಕಿಲೋಮೀಟರ್ ಮುಗಿಸಿ ಬಂದಾಗ, ನಾನು ಕೇಳುವ ಮುಂಚೆಯೇ ಡಿಪ್‌ಸ್ಟಿಕ್ ಎಳೆದು ನನ್ನ ಮೂಗಿನ ಬಳಿ ಹಿಡಿದರು. ಆಯಿಲ್ ವಾಸನೆ ಮಾತ್ರ ಇತ್ತು.